ಮೂರು ಗಂಟೆಯ ಸ್ನಾನ

ನನ್ನ ಮಗನಿಗೆ ಐದು ತಿಂಗಳಾಗಿದ್ದಾಗ ನಾನು ದಿನಕ್ಕೆ ಎಂಟು ಪುಟ ಟೈಪ್ ಮಾಡುತ್ತಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ಎಂದು ಇಷ್ಟು ವರ್ಷ ಕಳೆದ ಮೇಲೂ ನನಗೆ ತೀರ್ಮಾನವಾಗಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತು. ನಮ್ಮ ಕಡೆಯ ಜಮೀನು ವ್ಯಾಜ್ಯಗಳ ಅಪೀಲುಗಳು ಅಲ್ಲಿಯವರೆಗೆ ಮದರಾಸಿಗೆ ಹೋಗುತ್ತಿದ್ದವು, ಈಗ ಎರ್ನಾಕುಳಂ ಹೈಕೋರ್ಟಿಗೆ ಬರತೊಡಗಿದ್ದವು. ಗೇಣಿ ಚೀಟಿ, ಪಾಲುಪಟ್ಟಿ, ಸಾಕ್ಷಿಗಳ ಹೇಳಿಕೆ ಎಲ್ಲವೂ ಕನ್ನಡದಲ್ಲಿ, ಅದೂ ಹಳೆಯ ಶಾನುಭೋಗರ ಕಾಗೆ ಕಾಲಿನ ಅಕ್ಷರದಲ್ಲಿ. ಅಲ್ಲಿನ ವಕೀಲರೊಬ್ಬರಿಗೆ ಯಾರೋ ನನ್ನ ವಿಷಯ ಹೇಳಿದ್ದರು. ಕಾಸರಗೋಡಿನ ಹೆಂಗಸು, ಇಂಗ್ಲಿಷ್ ಬರುತ್ತದೆ, ಟೈಪಿಂಗ್ ಕಲಿತಿದ್ದಾಳೆ, ಇಲ್ಲೇ ಹತ್ತಿರ ಎಡಪ್ಪಳ್ಳಿಯಲ್ಲಿ ಮನೆ ಎಂದು. ಟೈಪಿಂಗ್ ಮಿಶನ್ನನ್ನು ಅವರೇ ಕಳಿಸಿಕೊಟ್ಟರು. ವಾರಕ್ಕೆರಡು ಸಲ ಅವರ ಗುಮಾಸ್ತರು ಸೈಕಲ್ಲಿನಲ್ಲಿ ಕಾಗದದ ಕಟ್ಟು ತಂದು ಜಗುಲಿಯ ಮೇಲಿಟ್ಟು, ಮುಗಿದ ಕಟ್ಟನ್ನು ಒಯ್ಯುತ್ತಿದ್ದರು. ಮೂಲಗೇಣಿ ಎಂದರೇನು, ಚಾಲಗೇಣಿ ಎಂದರೇನು ಎಂದು ನಾನು ಅಡಿಟಿಪ್ಪಣಿ ಬರೆದರೆ, ಅದನ್ನು ನೋಡಿ ದೊಡ್ಡ ದೊಡ್ಡವರು ವಾದ ಮಾಡುತ್ತಾರೆ ಎಂದು ಗುಮಾಸ್ತರೇ ಒಮ್ಮೆ ಹೇಳಿದ್ದರು. ಆ ಮಾತು ಕೇಳಿದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಇವರು, ಅಂದರೆ ಮಗನ ಅಪ್ಪ, ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದರು. ಮಗು ಹುಟ್ಟಿ ಎರಡು ತಿಂಗಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿನ ಕರಮನೆ ಎಂಬ ಕಡೆ ಒಂದು ಮನೆ ಗೊತ್ತುಮಾಡಿ, ಬಂದು ನೋಡು ಎಂದು ಕರೆಸಿಕೊಂಡರು. ಹೊಸದಾಗಿ ಹಾಕಿದ ಹಳಿಯ ಮೇಲೆ ಕೋಟ್ಟಯಂ ದಾಟಿ ಕೊಲ್ಲಂ ದಾಟಿ ಮಗುವನ್ನು ಸೆರಗಿನೊಳಗೆ ಹಾಕಿಕೊಂಡು ಕಿಟಕಿಗೆ ಮುಖ ಮಾಡಿ ಇಡೀ ಹಗಲು ಕೂತು ಹೋದೆ. ಮನೆ ಚೆನ್ನಾಗಿತ್ತು. ಬಾವಿ ಹಿತ್ತಿಲಲ್ಲೇ, ಬೀದಿ ತುಂಬ ಮಡಿ ಉಡುವ ಜನ, ಸಂಜೆ ವೀಣೆ ನುಡಿಸುವ ಸದ್ದು. ಆದರೆ ನನ್ನ ಕೆಲಸಕ್ಕೆ ಅಲ್ಲಿ ದಾರಿಯಿರಲಿಲ್ಲ. ಆ ಊರಿನಲ್ಲಿ ಹೈಕೋರ್ಟಿಲ್ಲ, ಗುಮಾಸ್ತರ ಸೈಕಲ್ ಅಷ್ಟು ದೂರ ಬರುವುದಿಲ್ಲ. "ಮಗುವಿಗೆ ಪ್ರಯಾಣ ಆಗುವುದಿಲ್ಲ, ಸ್ವಲ್ಪ ದಿನ ಹೋಗಲಿ" ಎಂದು ನೆಪ ಹೇಳಿ ಎಡಪ್ಪಳ್ಳಿಗೆ ವಾಪಸಾದೆ. ಜೊತೆಗೆ ಇರಲು ಊರಿನಿಂದ ಅತ್ತೆ, ಇವರ ತಾಯಿ, ಬಂದರು. ಇವರು ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದು ಹೋಗುವುದೆಂದಾಯಿತು.

ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕಾಲು ತಾನಾಗಿ ಅಲ್ಲಾಡುತ್ತದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಟೈಪ್ ಮಾಡುವಾಗ ಕಿವಿ ತೊಟ್ಟಿಲ ಕಡೆ, ಹಾಲು ಕೊಡುವಾಗ ಕಣ್ಣು ಕಾಗದದ ಕಡೆ. ಮಗು ಎದೆಗೆ ಬಾಯಿ ಹಾಕಿದ್ದರೆ ನಾನು ಮನಸ್ಸಿನಲ್ಲೇ ಯಾವನೋ ಮೂರನೇ ಪ್ರತಿವಾದಿಯ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಅವನಿಗೆ ಅದು ಗೊತ್ತಾಗುತ್ತಿತ್ತು. ತಟ್ಟನೆ ಬಾಯಿ ಬಿಟ್ಟು ನನ್ನ ಮುಖ ನೋಡುತ್ತಿದ್ದ. ಬೆಳಿಗ್ಗೆ ಹಾಲು ಸಾಕಷ್ಟಿರುತ್ತಿತ್ತು, ಮಧ್ಯಾಹ್ನ ದಾಟಿದ ಮೇಲೆ ಎದೆ ಬರೀ ತೊಗಲು. ಒಳಲೆಯಲ್ಲಿ ದನದ ಹಾಲು ಹಾಕಿದರೆ ತುಟಿ ಬಿಗಿದು ಉಗಿಯುತ್ತಿದ್ದ. ಡಬ್ಬಿಯ ಪುಡಿಹಾಲೂ ಅಷ್ಟೇ.

ಒಂದು ಶನಿವಾರ ಇವರು ಬಂದವರು ಮಗುವನ್ನು ಎತ್ತಿ, ಮತ್ತೆ ಇಳಿಸಿ, ಜಂಕ್ಷನ್ನಿನ ಅಕ್ಕಿ ಅಂಗಡಿಗೆ ಒಯ್ದರು. ಅಲ್ಲಿ ಬುಟ್ಟಿಯಲ್ಲಿ ಮಲಗಿಸಿ ತಕ್ಕಡಿಯಲ್ಲಿ ತೂಗಿಸಿದರು. ಮಕ್ಕಳನ್ನು ತೂಗಬಾರದು, ದೃಷ್ಟಿಯಾಗುತ್ತದೆ ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಬುಟ್ಟಿಯ ತೂಕ ಕಳೆದು ಹನ್ನೊಂದು ರಾತಲು, ಐದು ತಿಂಗಳ ಮಗುವಿಗೆ ತೀರ ಕಡಿಮೆ. ಮನೆಗೆ ಬಂದು ಇವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ.

"ಒಂದು ತಿಂಗಳು ನೋಡುವ. ಮಗು ಮೈ ಹಿಡಿದರೆ ನೀನು ಇಲ್ಲೇ ಇರು, ನಿನ್ನ ಕೆಲಸ ಮಾಡು. ಇಲ್ಲದಿದ್ದರೆ ಮಿಶನ್ ವಾಪಸು ಕೊಟ್ಟು ಕರಮನೆಗೆ ಬಾ" ಎಂದರು.

ನ್ಯಾಯವಾದ ಮಾತು. ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು.

ಮರುದಿನದಿಂದ ನಾನು ಮೆಂತೆ ಗಂಜಿ, ಬೆಳ್ಳುಳ್ಳಿ, ಯಾರು ಏನು ಹೇಳಿದರೆ ಅದನ್ನು ತಿಂದೆ. ಮಧ್ಯಾಹ್ನ ಎರಡೂವರೆಗೆ ಒಮ್ಮೆ ಎದೆಗೆ ಹಾಕಿಕೊಂಡು, ಅವನು ಅಳುವ ಮೊದಲೇ ಅತ್ತೆಯ ಕೈಗೆ ಕೊಟ್ಟು ಮುಂದಿನ ಕೋಣೆಯ ಚಿಲಕ ಹಾಕಿ ಕೂರುತ್ತಿದ್ದೆ. ಎರಡು ವಾರದಲ್ಲಿ ಮಗುವಿನ ತೊಡೆಯಲ್ಲಿ ಮಡಿಕೆ ಬಿತ್ತು. ಎತ್ತಿದರೆ ಸೊಂಟಕ್ಕೆ ಭಾರ ತಿಳಿಯುತ್ತಿತ್ತು. ಸಂಜೆ ಕೋಣೆಯಿಂದ ಹೊರಗೆ ಬಂದರೆ ನಗುತ್ತ ಕೈಕಾಲು ಬಡಿಯುತ್ತಿದ್ದ. ಅತ್ತೆ ಅವನಿಗೆ ದಿನಾ ಮೂರು ಗಂಟೆಗೆ ಎರಡನೇ ಸ್ನಾನ ಮಾಡಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಹಂಡೆಯ ಒಲೆಯ ಹೊಗೆ ವಾಸನೆ ಕೋಣೆಯವರೆಗೆ ಬರುತ್ತಿತ್ತು. "ಈ ಊರಿನ ಸೆಕೆಗೆ ಮಗುವಿನ ಮೈ ಬೆವರಿ ಅಂಟ್ತದೆ" ಎಂದಿದ್ದರು. ಎರಡು ಸ್ನಾನವಾದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ, ನಿದ್ದೆ ಮಾಡಿದರೆ ಬೆಳೆಯುತ್ತದೆ ಎಂದು ನಾನೂ ನಂಬಿದೆ. ಮಿಕ್ಕಿದ್ದು ನನ್ನ ಮೆಂತೆ ಗಂಜಿಯ ಮಹಿಮೆ. ಕಾಗದಗಳನ್ನೂ ಮಗುವನ್ನೂ ಒಟ್ಟಿಗೆ ಸಾಕಬಲ್ಲೆ ಎಂದು ಒಳಗೊಳಗೇ ಬೀಗಿದೆ.

ಮೂರನೇ ವಾರದಲ್ಲಿ ಒಂದು ಮಧ್ಯಾಹ್ನ ಕಾರ್ಬನ್ ಕಾಗದ ಮುಗಿಯಿತು. ಇನ್ನೊಂದು ಕಟ್ಟು ಒಳಗಿನ ಪೆಟ್ಟಿಗೆಯಲ್ಲಿತ್ತು. ಹೊರಗೆ ಬಂದು ನೋಡಿದರೆ ತೊಟ್ಟಿಲು ಖಾಲಿ, ಹಂಡೆಯಲ್ಲಿ ನೀರು ಕುದಿಯುತ್ತಿದೆ, ಅತ್ತೆ ಇಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು.

ನಮ್ಮ ಹಿತ್ತಿಲಿಗೂ ಪಕ್ಕದ ಮನೆಗೂ ನಡುವೆ ದಾಸವಾಳದ ಬೇಲಿ. ಆ ಮನೆಯವನು ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ. ಅವನ ಹೆಂಡತಿಗೆ ನನ್ನದೇ ವಯಸ್ಸು. ಕೊರಳಲ್ಲಿ ಶಿಲುಬೆಯ ಸರ, ಎಂಟು ತಿಂಗಳ ದುಂಡು ಹೆಣ್ಣುಮಗು. ನಾನು ಅವಳನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ, ಟೈಪ್‌ರೈಟರ್ ನೋಡಿ ಅವಳು ನನ್ನನ್ನು ಟೀಚರ್ ಮಾಡಿಬಿಟ್ಟಿದ್ದಳು. ದಿನಾ ಮೀನು ಹುರಿಯುವ ಮನೆ. ಅವಳ ನೆರಳು ನಮ್ಮ ಬಾವಿಕಟ್ಟೆಯ ಮೇಲೆ ಬಿದ್ದರೂ ಸಾಕು, ಅತ್ತೆ ಕೊಡದ ನೀರು ಚೆಲ್ಲಿ ಮತ್ತೆ ಸೇದುವವರು. ನಾನೇನು ಕಡಿಮೆಯಿರಲಿಲ್ಲ. ಜಗುಲಿಯಿಂದ ಒಳಗೆ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ, ಕಾಫಿ ಕೊಡುವ ಲೋಟ ಬೇರೆಯೇ ಇತ್ತು.

ಅವಳು ತನ್ನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನನ್ನ ಮಗನಿಗೆ ಹಾಲು ಕೊಡುತ್ತಿದ್ದಳು. ನಾಲ್ಕು ಮಾರು ಆಚೆ ಅತ್ತೆ ಸೆರಗು ಬಿಗಿದುಕೊಂಡು, ತಾನು ನೋಡದಿದ್ದರೆ ಅದು ನಡೆದೇ ಇಲ್ಲ ಎಂಬಂತೆ ಬೆನ್ನು ತಿರುಗಿಸಿ ನಿಂತಿದ್ದರು.

ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಜಾತಿಯ ಯೋಚನೆ ಎರಡನೆಯದಾಗಿ ಬಂತು. ಬರಲೇ ಇಲ್ಲ ಎಂದರೆ ಸುಳ್ಳಾದೀತು. ಆದರೆ ಮೊದಲಿನದು ಹೊಟ್ಟೆಕಿಚ್ಚೇ. ನನ್ನ ಮುಖ ನೋಡಿ ಬಾಯಿ ಬಿಡುವ ಮಗ ಅಲ್ಲಿ ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಅವಳು ಬೇರೇನೂ ಯೋಚಿಸುತ್ತಿರಲಿಲ್ಲ.

ನಾನು ಕರೆಯಲಿಲ್ಲ, ಮನೆಯೊಳಗೆ ಬಂದು ನಿಂತೆ. ಅತ್ತೆ ಮಗುವನ್ನು ಎತ್ತಿಕೊಂಡು ಬಂದವರು ನನ್ನನ್ನು ನೋಡಿಯೂ ನಿಲ್ಲಲಿಲ್ಲ. ನೇರ ಬಚ್ಚಲಿಗೆ ಹೋಗಿ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹೊಯ್ಯತೊಡಗಿದರು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ತೂಗಿದ್ರಲ್ಲ, ಅದರ ಮರುದಿನದಿಂದ."

"ನನಗೆ ಒಂದು ಮಾತು ಹೇಳಲಿಕ್ಕೆ ಆಗಲಿಲ್ಲವಾ?"

"ಹೇಳಿದ್ರೆ ನೀನು ಎಂತ ಮಾಡ್ತಿದ್ದಿ? ಕಾಗದ ಎಲ್ಲ ಕಟ್ಟಿಟ್ಟು ಅವನ ಹಿಂದೆ ಹೋಗ್ತಿದ್ದಿ. ಮತ್ತೆ ದಿನಾ ಈ ಮಗುವಿನ ಮೋರೆ ನೋಡಿ ನಿಟ್ಟುಸಿರು ಬಿಡ್ಲಿಕ್ಕೆ. ಅದನ್ನು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ."

"ಮತ್ತೆ ನಿಮ್ಮ ಮಡಿ?"

"ಸ್ನಾನ ಮಾಡಿಸ್ತೇನಲ್ಲ" ಎಂದರು ಅತ್ತೆ, ಮಗುವಿನ ಬಾಯಿಯ ಸುತ್ತ ಒದ್ದೆ ಕೈಯಲ್ಲಿ ಒರೆಸುತ್ತ. "ಇಡೀ ಜನ್ಮ ಮಡಿ ಮಾಡಿದ್ದೇನೆ. ನಾನು ಹೆತ್ತವರಲ್ಲಿ ಇಬ್ಬರು ಹಾಲಿಲ್ಲದೆ ಹೋದ್ರು. ಆಗ ಬೇಲಿಯಾಚೆ ಹೋಗ್ಲಿಕ್ಕೆ ನನ್ನ ಅತ್ತೆ ಬಿಡ್ಲಿಲ್ಲ."

ಆ ಇಬ್ಬರ ವಿಷಯ ನನಗೆ ಗೊತ್ತೇ ಇರಲಿಲ್ಲ. ಇವರಿಗೂ ಗೊತ್ತಿತ್ತೋ ಇಲ್ಲವೋ. ನಾನು ಟವೆಲ್ ತಂದು ಕೊಟ್ಟೆ.

ಆದರೂ ಛಲ ಬಿಡಬೇಕಲ್ಲ. ಮರುದಿನ ಮೂರು ಗಂಟೆಗೆ ಮಗುವನ್ನು ನಾನೇ ಕೋಣೆಗೆ ಒಯ್ದೆ. ಅವನು ಎದೆಯನ್ನು ಎಳೆದ, ಬಿಟ್ಟ, ಮತ್ತೆ ಎಳೆದ, ಕೊನೆಗೆ ಉಸಿರು ಹಿಡಿದು ಅತ್ತ. ಮುಖ ಕೆಂಪಡರಿತು. ಅರ್ಧ ಗಂಟೆ ಓಡಾಡಿಸಿದೆ. ಬೇಲಿಯ ಮುಂಭಾಗದ ತುದಿಗೆ ಅವಳು ಬಂದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು. ಕರೆಯಲಿಲ್ಲ ಅವಳು, ನಿಂತಿದ್ದಳು ಅಷ್ಟೇ. ನಾನು ಬಾಗಿಲು ತೆರೆದು ಅತ್ತೆಯ ಕೈಗೆ ಮಗುವನ್ನು ಹಾಕಿ, ಚಿಲಕ ಹಾಕಿಕೊಂಡು, ಮಿಶನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆ ಮೇಲೆ ನಾಲ್ಕು ಪುಟ ಮುಗಿಸಿದೆ. ಅದೂ ನಿಜ.

ನಡುವಿನ ಶನಿವಾರ ಆಫೀಸಿನ ಕೆಲಸದಿಂದ ಬರಲಾಗದ ಇವರು ತಿಂಗಳು ತುಂಬಿದ ಶನಿವಾರ ಬಂದರು. ಹೇಳಿಬಿಡಬೇಕು ಎಂದು ಬೆಳಿಗ್ಗೆಯಿಂದ ಮಾತು ಜೋಡಿಸುತ್ತಿದ್ದೆ. ಜೋಡಿಸಿದ್ದು ಪ್ರತಿ ಸಲ ಒಂದೇ ಕಡೆ ಮುಗಿಯುತ್ತಿತ್ತು, ಕರಮನೆಯ ಆ ವೀಣೆಯ ಬೀದಿಯಲ್ಲಿ. ಅಕ್ಕಿ ಅಂಗಡಿಯವನು ಬುಟ್ಟಿ ಇಟ್ಟು ಕಲ್ಲಿನ ಮೇಲೆ ಕಲ್ಲು ಹಾಕಿದ. ಹದಿಮೂರೂವರೆ ರಾತಲು. ಇವರು ಎರಡು ಸಲ ತೂಗಿಸಿದರು.

ವಾಪಸು ಬರುವಾಗ ಪಕ್ಕದವಳು ಗೇಟಿನ ಹತ್ತಿರ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಯಾರ ಜೊತೆಗೂ ತಾವಾಗಿ ಮಾತಾಡದ ಇವರು ಅಂದು ಖುಷಿಯಲ್ಲಿ ನಿಂತು, ತಮ್ಮ ತೊದಲು ಮಲಯಾಳದಲ್ಲಿ ಅವಳಿಗೆ ಹೇಳಿದರು:

"ನೋಡಿದಿರಾ? ಒಂದು ತಿಂಗಳಲ್ಲಿ ಹೇಗೆ ಬೆಳೆದಿದ್ದಾನೆ. ತಾಯಿಯ ಹಾಲಿಗೆ ಸಮ ಯಾವುದೂ ಇಲ್ಲ."

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಹೋದರು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಬರಲಿಲ್ಲ ಎನ್ನುವುದೂ ತಪ್ಪು, ನಾನೇ ಬರಗೊಡಲಿಲ್ಲ. ಅವಳು ನನ್ನ ಕಡೆ ಒಮ್ಮೆ ನೋಡಿ ಇವರಿಗೆ ಹೇಳಿದಳು:

"ಹೌದು ಸಾರ್. ಟೀಚರಿನ ಹಾಲು ಒಳ್ಳೆಯದು."

ಇವರು ಭಾನುವಾರದ ರೈಲಿಗೆ ಹೋದರು. ಮನೆ ಬೇಡವೆಂದು ಕರಮನೆಯವರಿಗೆ ತಿಳಿಸುತ್ತೇನೆ ಎಂದೂ, ನೀನು ಗಟ್ಟಿಗಿತ್ತಿ ಎಂದೂ ಹೊರಡುವಾಗ ಅಂದರು. ನನ್ನ ಕೆಲಸ ಉಳಿಯಿತು. ಗೆದ್ದೆ ಎಂದುಕೊಂಡು ನೋಡಿದೆ, ಆ ಮಾತು ಮನಸ್ಸಿನಲ್ಲಿ ನಿಲ್ಲಲಿಲ್ಲ.

ಸೋಮವಾರ ಮೂರು ಗಂಟೆಗೆ ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ನಾನೇ ಬೇಲಿ ದಾಟಿದೆ. ಅವಳು ಯಾಕೆ ಎಂದು ಕೇಳದೆ ಕೈ ಚಾಚಿದಳು. ಅವಳ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಮೀನಿನ ವಾಸನೆ ಬರುತ್ತಿತ್ತು. ಅವಳ ಮಗಳು ತೆವಳಿ ಬಂದು ನನ್ನ ಸೀರೆಯ ನೆರಿಗೆ ಹಿಡಿದು ಏಳಲು ನೋಡಿತು. ಮಗ ಹಾಲು ಕುಡಿಯುವ ಸದ್ದು ಅಷ್ಟು ಹತ್ತಿರದಿಂದ ಕೇಳುವುದು ಕಷ್ಟವಾಗಿತ್ತು. ಆದರೂ ಕೂತಿದ್ದೆ.

"ಶನಿವಾರ ನಾನು ನಿಜ ಹೇಳಬೇಕಿತ್ತು ಚೇಚಿ" ಎಂದೆ.

ಅವಳು ಮಗುವನ್ನು ಇನ್ನೊಂದು ಕಡೆಗೆ ಹೊರಳಿಸಿಕೊಂಡಳು. ಕರಮನೆಯ ಷರತ್ತನ್ನು ಅತ್ತೆ ಅವಳಿಗೆ ಮೊದಲೇ ಹೇಳಿದ್ದರಂತೆ.

"ಹೇಳಿದ್ದರೆ ಆ ಊರಿನಲ್ಲಿ ಮೂರು ಗಂಟೆಗೆ ಇವನಿಗೆ ಯಾರು ಕೊಡುತ್ತಿದ್ದರು?"