ಮಡಿಸೀರೆಯಲ್ಲಿ ಹೋದ ಡಬ್ಬಿ

ಐದನೇ ತಿಂಗಳಲ್ಲಿ ಎಷ್ಟು ಗುಳಿಗೆ ನುಂಗಿದರೂ ನನ್ನ ಹಿಮೋಗ್ಲೋಬಿನ್ ಏರಲಿಲ್ಲ. ಹೀಗೇ ಇಳಿಯುತ್ತ ಹೋದರೆ ಕೂಸಿಗೂ ಕಷ್ಟ ಎಂದ ಡಾಕ್ಟರು ಮಲ ಪರೀಕ್ಷೆ ಬರೆದುಕೊಟ್ಟರು. ಪುಣೆಯ ನಮ್ಮ ಓಣಿಯ ಲ್ಯಾಬಿನ ಹುಡುಗಿ ಮುಚ್ಚಳಕ್ಕೇ ಚಮಚ ಅಂಟಿಸಿದ ಪುಟ್ಟ ಡಬ್ಬಿ ಕೊಟ್ಟು ಎಲ್ಲ ಬಿಡಿಸಿ ಹೇಳಿದಳು: ನೀರು, ಮೂತ್ರ ತಾಗಬಾರದು, ಮೊದಲೇ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ, ಒಂದು ಚಮಚ ಸಾಕು, ಕೇಳದೆ ಜುಲಾಬು ತಗೊಳ್ಳಬೇಡಿ, ಒಂದು ತಾಸಿನೊಳಗೆ ತಂದುಕೊಡಿ. ನಾಚಿಕೊಂಡವಳು ನಾನು.

ತೊಡಕಿದ್ದದ್ದು ಆ ಒಂದು ತಾಸಿನಲ್ಲಿ. ಧಾರವಾಡದಿಂದ ಬಂದು ನಲವತ್ತು ವರ್ಷವಾದರೂ ಅತ್ತೆಯ ಮಡಿ ಒಂದಿಷ್ಟೂ ಸಡಿಲವಾಗಿರಲಿಲ್ಲ. ದೇವರಿದ್ದದ್ದು ನಡುಮನೆಯಲ್ಲಿ, ಹೊರಬಾಗಿಲ ಪಕ್ಕದ ಮೂಲೆಯಲ್ಲೇ. ನೈವೇದ್ಯವಾಗುವ ತನಕ ಮೈಲಿಗೆಯದೇನೂ ಆ ಕಡೆ ದಾಟುವಂತಿರಲಿಲ್ಲ. ಮೊದಲ ದಿನ ಡಬ್ಬಿಯನ್ನು ಬಾಲ್ಕನಿಯಲ್ಲಿ ಬಚ್ಚಿಟ್ಟು ಪೂಜೆ ಮುಗಿಯಲು ಕಾದೆ. ಬಿಸಿಲಲ್ಲಿ ಮೂರು ತಾಸು. ಲ್ಯಾಬಿನವಳು ವೇಳೆ ಕೇಳಿ, ಇದು ನಡೆಯದು ಎಂದು ಬೇರೆ ಡಬ್ಬಿ ಕೊಟ್ಟಳು. ಮನೆಗೆ ಬಂದು ಸಿಟ್ಟಿನಲ್ಲಿ ಅಂದುಬಿಟ್ಟೆ, “ನಿಮ್ಮ ಮಡಿ ಮುಗಿಯೂ ತನಕಾ ಇದು ತಡಿಯೂದಿಲ್ರೀ, ಅತ್ತಿ. ಡಾಕ್ಟರು ಕೂಸಿಗೆ ತ್ರಾಸ ಅದ ಅಂದಾರ.”

ಕಬ್ಬಿಣದ ಗುಳಿಗೆಯ ಕೃಪೆಯಿಂದ ಮುಂದಿನ ಎರಡು ದಿನ ಜಪ್ಪಯ್ಯ ಎಂದರೂ ಹೊಟ್ಟೆ ಅಲುಗಲಿಲ್ಲ. ನಾಲ್ಕನೆಯ ದಿನ ಸರಿಯಾಗಿ ಪೂಜೆಯ ಹೊತ್ತಿಗೇ ಬಂತು. ಗಂಡ ಚಾಕಣದ ಕಾರ್ಖಾನೆಗೆ ಹೋಗಿದ್ದರು. ಡಬ್ಬಿ ಹಿಡಿದು ಕಕ್ಕಸಿನಿಂದ ಹೊರಬಂದವಳು ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ಅತ್ತೆ ಆರತಿ ಕೆಳಗಿಟ್ಟು ಎದ್ದು ಬಂದು ಕೈ ಚಾಚಿದರು.

“ಇಲ್ಲೆ ಕೊಡು.”

“ನೀವು ಮಡೀಲೆ ಇದ್ದೀರಿ, ಅತ್ತಿ.”

“ನಾಳೆ ಆ ಕೂಸಿಂದು ತೊಳಿಯಾಕಿ ನಾನ ಅಲ್ಲೇನು? ನೀ ಮಲ್ಕೋ.”

ಅದೇ ಮಡಿಸೀರೆಯಲ್ಲಿ ರಿಕ್ಷಾ ಹತ್ತಿ ಹೋದರು. ದೇವರು ಅಂದು ಮಧ್ಯಾಹ್ನದ ತನಕ ಉಪವಾಸ.

ಮರುದಿನ ರಿಪೋರ್ಟು ಬಂತು: ಕೊಕ್ಕೆಹುಳು. ಅವೇ ರಕ್ತ ಹೀರುತ್ತಿವೆ, ಇದಕ್ಕೆ ಔಷಧವಿದೆ, ಹೆದರಬೇಡಿ ಎಂದರು ಡಾಕ್ಟರು. ನಾನು ಅತ್ತುಬಿಟ್ಟೆ. ಮನೆಗೆ ಬಂದ ಮೇಲೆ ಅತ್ತೆ ಆ ಕಾಗದವನ್ನು ಕೈಗೆ ತೆಗೆದುಕೊಂಡು ನನ್ನ ಪಕ್ಕ ಕೂತರು.

“ನನ್ನ ಮೊದಲನೇ ಬಸುರಿನ್ಯಾಗೂ ಹಿಂಗ ರಕ್ತ ಕಡಿಮಿ ಆಗಿತ್ತು,” ಎಂದರು. “ಯಾಕಂತ ಯಾರೂ ನೋಡಲಿಲ್ಲ. ಕೂಸು ಉಳೀಲಿಲ್ಲ.”

ನನ್ನ ಗಂಡನೇ ಅವರ ಮೊದಲ ಕೂಸೆಂದು ನಾನು ಅಲ್ಲಿಯ ತನಕ ತಿಳಿದಿದ್ದೆ.