ಲವಂಗದ ಅಕ್ಕೋರು

ತರಗತಿಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ಗಿರಿಜಾ ಅಕ್ಕೋರು ಬಾಯಿಗೊಂದು ಲವಂಗ ಹಾಕಿಕೊಳ್ಳುತ್ತಿದ್ದರು. ಹಲ್ಲುನೋವೇನೋ ಎಂದುಕೊಂಡು ನಾನು ಒಮ್ಮೆ ರಾಣೆಬೆನ್ನೂರಿನ ದಂತವೈದ್ಯರೊಬ್ಬರ ವಿಳಾಸ ಕೊಡಹೋದೆ. ಅವರು ನಕ್ಕರು. "ಹಲ್ಲು ಗಟ್ಟಿ ಅದಾವ್ರಿ ಸರ. ನಾಲಿಗಿ ಸುಮ್ಮನಿರೂದಿಲ್ಲ. ಮಕ್ಕಳು ಮಾತಾಡೂ ಹೊತ್ತಿಗೆ ಅದಕ್ಕೊಂದು ಕೆಲಸ ಬೇಕಲ್ಲ."

ಬ್ಯಾಡಗಿಯ ನಮ್ಮ ಹೈಸ್ಕೂಲಿಗೆ ಅವರು ಬಂದದ್ದು, ಸಾಮಾಜಿಕ ವಿಷಯಗಳ ಮೇಲೆ ಮಕ್ಕಳಿಂದ ಚರ್ಚೆ ಮಾಡಿಸುವುದು ಹೇಗೆಂದು ಶಿಕ್ಷಕರಿಗೆ ಕಲಿಸಲು. ನನಗೇನು ಕಲಿಸುತ್ತಾರೆ ಎಂಬ ಠೇಂಕಾರ ನನ್ನದು. ಸಮಾಜ ವಿಜ್ಞಾನದ ಮಾಸ್ತರ, ಮೇಲಾಗಿ ಗಣರಾಜ್ಯೋತ್ಸವದ ಖಾಯಂ ಭಾಷಣಕಾರ. ಅವರೆದುರೇ ಒಂಬತ್ತನೆಯ ತರಗತಿಯಲ್ಲಿ ಹೆಣ್ಣುಮಕ್ಕಳ ಓದಿನ ಬಗ್ಗೆ ಚರ್ಚೆ ಆರಂಭಿಸಿದೆ. ಪೀರಿಯಡ್ಡು ಮುಗಿಯುತ್ತ ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಹೆಮ್ಮೆಯಿಂದ ಕಿವಿಗೊಟ್ಟೆ.

"ಸರ, ಚರ್ಚಾ ಯಾವಾಗ ಸುರು ಆಕ್ಕೈತ್ರಿ?"

ಉಳಿದ ಹೊತ್ತನ್ನು ಅಕ್ಕೋರಿಗೆ ಬಿಟ್ಟುಕೊಟ್ಟೆ. "ಹುಡುಗ್ಯಾರು ಸಾಲಿ ಯಾಕ ಬಿಡ್ತಾರ?" ಎಂದಷ್ಟೇ ಕೇಳಿ, ಲವಂಗ ಹಾಕಿಕೊಂಡು ಕುಳಿತರು. ಬಸವರಾಜ ಎಂಬವನು, "ಅವರಿಗೆ ಸಾಲಿ ಯಾಕ ಬೇಕ್ರಿ? ನಮ್ಮಕ್ಕ ಬಿಟ್ಟು ಆರಾಮ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೊಕ್ಕಾಳ" ಎಂದ. ನಾನು ಗುಡುಗಲು ಎದ್ದೆ.

"ಕುಂದ್ರಿ ಸರ. ಬೈದ್ರ ಅಂವ ಬಾಯಿ ಮುಚ್ಚತಾನ, ಮನಸ್ಸು ಬದಲಾಗೂದಿಲ್ಲ" ಎಂದರು ಅಕ್ಕೋರು. ಆಮೇಲೆ ಅವನತ್ತ ತಿರುಗಿ, "ಆರಾಮ ಅದೀನಿ ಅಂತ ಅಕಿನ ಹೇಳ್ಯಾಳೇನಪಾ?"

"ಇಲ್ರಿ. ನಾವು ಕೇಳಿಲ್ರಿ."

"ಕೇಳಿ ನೋಡು. ನಮಗೇನು ಹೇಳಬ್ಯಾಡ."

ಮರುದಿನ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ನಾನು ಕರೆದರೂ ನನ್ನನ್ನು ದಾಟಿ ಅಕ್ಕೋರ ಹತ್ತಿರ ಹೋದ. "ಅಕ್ಕ ಮೊದಲ ನಕ್ಕಳ್ರಿ. ಆಮ್ಯಾಲೆ ಕೈ ತೋರಿಸಿದ್ಲು, ಉರೀತಾವಂತ. ಹತ್ತನೇ ಕ್ಲಾಸಿನ ಪರೀಕ್ಷಾ ಹೊರಗಿಂದ ಕಟ್ಟಾಕ ಬರತೈತೇನ್ರಿ?"

ಅಕ್ಕೋರು ಅವನ ಅಕ್ಕನಿಂದ ಪರೀಕ್ಷೆ ಕಟ್ಟಿಸಿದರು. ಎರಡನೆಯ ಸಲಕ್ಕೆ ಪಾಸಾದಳು. ಮೊದಲ ಸಲ ಫೇಲಾಗಿದ್ದು ಒಂದೇ ವಿಷಯದಲ್ಲಿ. ಅದನ್ನು ಹೇಳಿಕೊಟ್ಟವನು ನಾನು.

ಅಕ್ಕೋರು ನಿವೃತ್ತರಾಗಿ ಹುಬ್ಬಳ್ಳಿಯ ತಂಗಿಯ ಮನೆಗೆ ಹೊರಟ ದಿನ ಅವರನ್ನು ಕಳಿಸಲು ಹಾವೇರಿ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ತಡವಾಗಿತ್ತು. ಈಗ ನನ್ನ ತರಗತಿಯಲ್ಲಿ ಮಕ್ಕಳೇ ಮಾತನಾಡುತ್ತಾರೆ, ನಾನು ತುಟಿಯನ್ನೇ ಬಿಚ್ಚುವುದಿಲ್ಲ ಎಂಬುದನ್ನು ಗಾಡಿ ಬರುವವರೆಗೂ ವಿವರಿಸಿದೆ. ಅಕ್ಕೋರು ತಲೆಯಾಡಿಸುತ್ತ ಕೇಳಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಕಾಯಿಲೆ ಮೊದಲೇ ಇತ್ತಂತೆ. ಆ ದಿನ ಪ್ಲಾಟ್‌ಫಾರ್ಮಿನಲ್ಲಿ ನಾನು, ಹೇಗಿದ್ದೀರಿ ಎಂದು ಅವರನ್ನು ಕೇಳಿಯೇ ಇರಲಿಲ್ಲ.