ಹಂದಿಗೆ ಹಾಕಿದ ಅಂಬಲಿ

ನಮ್ಮತ್ತೆಯ ಮುಂದೆ ಎರಡು ವಿಷಯದಲ್ಲಿ ಎದುರು ಮಾತಾಡುವಂತಿರಲಿಲ್ಲ: ಒಂದು ಅವರ ಮಗ, ಇನ್ನೊಂದು ಅವರ ಹಗೇವು. ಮಗನ ಬಗ್ಗೆಯಾದರೂ ಆಗೀಗ ಒಂದು ಮಾತು ನಡೆಯುತ್ತಿತ್ತು. ಅಂಗಳದ ನೆಲದಡಿ ರಾಗಿ ತುಂಬಿಟ್ಟು, ಬಾಯಿಗೆ ಕಲ್ಲು ಮುಚ್ಚುವ ಆ ಗುಂಡಿಯ ಬಗ್ಗೆ ಮಾತ್ರ ಉಸಿರೆತ್ತುವಂತಿರಲಿಲ್ಲ.

ಬಂಗಾರಪೇಟೆ ಪಕ್ಕದ ಆ ಮನೆಗೆ ನಾನು ಸೊಸೆಯಾಗಿ ಬಂದ ಎರಡನೇ ವರ್ಷ ಹಗೇವು ತೆಗೆದಾಗ, ಅಂಚಿನ ರಾಗಿ ಬೂಷ್ಟು ಹಿಡಿದು ಹೆಂಟೆ ಕಟ್ಟಿತ್ತು. ಪದ್ಧತಿಯಂತೆ ನಡುವಿನದು ನಮಗೆ, ಅಂಚಿನದು ಹಂದಿಗೆ. ಹಂದಿ ನನ್ನದು. ಮಾರಿಕುಪ್ಪಂ ಕಡೆಯ ನನ್ನ ತವರಿನವರು ಅದು ಮರಿಯಾಗಿದ್ದಾಗ ಕೊಟ್ಟಿದ್ದರು.

ಎರಡು ತಿಂಗಳಲ್ಲಿ ಅದು ಕೊಡಗಟ್ಟಲೆ ನೀರು ಕುಡಿಯತೊಡಗಿತು. ಕುಡಿದದ್ದನ್ನೆಲ್ಲ ಉಚ್ಚೆ ಹುಯ್ದು ಮತ್ತೆ ನೀರಿಗೆ ಕೂಗುತ್ತಿತ್ತು. ಬಾವಿಯಿಂದ ನೀರು ಹೊರುವವಳು ನಾನು. "ಉಷ್ಣ ಕಣೇ" ಎಂದ ಅತ್ತೆ, ತಂಪಿಗೆಂದು ಅದೇ ರಾಗಿಯ ಅಂಬಲಿ ಕಾಸಿ ಎರಡು ಹೊತ್ತೂ ಹಾಕಿದರು. ಹಂದಿ ಇನ್ನಷ್ಟು ಸೊರಗಿತು.

ರಾಬರ್ಟ್‌ಸನ್‌ಪೇಟೆಯಲ್ಲಿ ಹಂದಿ ಕೊಯ್ದು ಮಾರುವವನೊಬ್ಬ ಬಂದು ನೋಡಿ ತಲೆಯಾಡಿಸಿದ. "ಬೂಷ್ಟು ತಿಂದ ಅಂದಿಗಳು ಇಂಗೇ ನೀರು ಕುಡಿತಾವಮ್ಮಾ. ಕುಯ್ದು ನೋಡಿದ್ರೆ ಕಿಡ್ನಿ ಊದ್ಕೊಂಡು ಬಿಳಚ್ಕೊಂಡಿರ್ತದೆ. ಅಂತಾ ಮಾಂಸಾನ ಚಿನ್ನದ ಗಣಿ ಬಂಗಲೆ ದೊರೆಗಳು ಮುಟ್ಟಲ್ಲ. ಆ ವಿಷ ಕಾಸಿದ್ರೂ ಓಗಲ್ಲ."

"ನಮ್ ಅಗೇವಲ್ಲಿ ಬೂಷ್ಟಾ?" ಎಂದ ಅತ್ತೆ ಅವನಿಗೆ ನೀರನ್ನೂ ಕೊಡದೆ ಕಳಿಸಿದರು.

ನನಗೆ ರೇಗಿತು. ಆದರೆ ರೇಗಿ ಗೆದ್ದ ಸೊಸೆಯನ್ನು ಆ ಸೀಮೆಯಲ್ಲಿ ನಾನು ಕಂಡಿರಲಿಲ್ಲ. ಅಂಬಲಿ ಹಾಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಂಬಲಿ ತಿಪ್ಪೆಗೆ, ಅದರ ಮೇಲೆ ಒಲೆಯ ಬೂದಿ. ಹಂದಿಗೆ ಸೊಪ್ಪು, ಜೊತೆಗೆ ನನ್ನ ಮುದ್ದೆಯಲ್ಲಿ ಅರ್ಧ. ಕೆಲವು ವಾರಗಳಲ್ಲಿ ಅದು ಚೇತರಿಸಿಕೊಂಡಿತು. ದಾಹ ಮಾತ್ರ ಪೂರ್ತಿ ಹೋಗಲೇ ಇಲ್ಲ. ಕೆಟ್ಟ ಕಿಡ್ನಿ ಕೆಟ್ಟಂತೆಯೇ ಉಳಿದಿರಬೇಕು. ಅತ್ತೆ ತಮ್ಮ ಅಂಬಲಿಯ ಮಹಿಮೆಯನ್ನು ಊರಿಗೆಲ್ಲ ಸಾರಿದರು. "ಅತ್ತೆ ಕೈಗುಣ" ಎಂದು ನಾನೂ ತಾಳ ಹಾಕಿದೆ.

ಬೇಸಿಗೆಯಲ್ಲಿ ಅತ್ತೆಗೆ ಉರಿಮೂತ್ರ ಶುರುವಾಯಿತು. ಒಂದು ಬೆಳಗ್ಗೆ ನೋಡಿದರೆ, ಆ ಅಂಚಿನ ರಾಗಿಯ ಅಂಬಲಿಯನ್ನೇ ಚೆಂಬಿಗೆ ಬಗ್ಗಿಸಿಕೊಂಡು ಬಾಯಿಗೆ ಎತ್ತಿದ್ದಾರೆ. "ಅಂದಿ ಉಷ್ಣಾನೇ ಇಳಿಸ್ತು, ನಂದು ಇಳಿಸಲ್ವಾ?"

ಚೆಂಬು ಕಿತ್ತುಕೊಂಡೆ. ತಿಪ್ಪೆ, ಬೂದಿ, ಮುದ್ದೆ, ಎಲ್ಲ ಹೇಳಿಬಿಟ್ಟೆ. ತವರಿಗೆ ಹೊರಡುವುದೊಂದೇ ಬಾಕಿ ಅಂದುಕೊಂಡೆ.

ಅತ್ತೆ ಕೇಳಿದ್ದು ಇಷ್ಟೇ: "ಯಾರ ಪಾಲಿನ ಮುದ್ದೆ ಆಕ್ದೆ?"

"ನಂದೇ, ಅತ್ತೆ."

ಅಂದು ಅಂಚಿನ ರಾಗಿಯನ್ನೆಲ್ಲ ಅವರೇ ಗುಂಡಿ ತೋಡಿ ಹೂತರು. ಸಂಜೆ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಒಂದು ಮುದ್ದೆ ಬಿತ್ತು. ಆಮೇಲೆ ಅವರ ತಟ್ಟೆಯಿಂದ ಅರ್ಧ.

"ತಿನ್ನು, ಕಳ್ಳಿ," ಎಂದರು.